ಸಾಗರ ಸಂಪರ್ಕವಿಲ್ಲದ ತುರ್ಕಮೆನಿಸ್ತಾನ ನೌಕಾಪಡೆ ಕಟ್ಟಿದ್ದೇಕೆ?

ತುರ್ಕಮೆನಿಸ್ತಾನಕ್ಕೆ ಮಹಾಸಾಗರವಿಲ್ಲದಿದ್ದರೂ ಪಶ್ಚಿಮದಲ್ಲಿ ಭೂಮಿಯಿಂದ ಸುತ್ತುವರಿದ ಕ್ಯಾಸ್ಪಿಯನ್ ಸಮುದ್ರದ ಕರಾವಳಿಯಿದೆ. ಆ ಸಮುದ್ರದ ತಳದಲ್ಲಿರುವ ತೈಲ ಮತ್ತು ಅನಿಲವೇ ನೌಕಾಪಡೆ ಬೆಳೆಯಲು ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ. ಸೋವಿಯತ್ ಒಕ್ಕೂಟದ ವಿಘಟನೆಯ ನಂತರ ದೇಶದ ಬಳಿ ಸಣ್ಣ ಗಸ್ತು ದೋಣಿಗಳಷ್ಟೇ ಇದ್ದವು. ಕ್ಯಾಸ್ಪಿಯನ್ ಸಮುದ್ರದಲ್ಲಿರುವ ಸೆರ್ದಾರ್ ತೈಲ ನಿಕ್ಷೇಪ ಯಾರದೆಂಬ ಬಗ್ಗೆ ಅಜರ್‌ಬೈಜಾನ್‌ನೊಂದಿಗೆ ವಿವಾದ ತೀವ್ರವಾಗಿದ್ದ 2009ರಲ್ಲಿ, ಅಧ್ಯಕ್ಷ ಗುರ್ಬಾಂಗುಲಿ ಬೆರ್ದಿಮುಖಮೆದೋವ್ ಅವರು ತುರ್ಕಮೆನ್‌ಬಾಷಿ ಬಂದರಿನಲ್ಲಿ ನೌಕಾನೆಲೆ ಸ್ಥಾಪಿಸುವುದಾಗಿ ಘೋಷಿಸಿದರು. ಬಳಿಕ ರಷ್ಯಾದಿಂದ ಮೊಲ್ನಿಯಾ ಮಾದರಿಯ ಎರಡು ಕ್ಷಿಪಣಿ ನೌಕೆಗಳು ಬಂದವು. ಆದರೆ ಹೊರಗಿನ ಸಮುದ್ರದಿಂದ ಕ್ಯಾಸ್ಪಿಯನ್‌ಗೆ ಹಡಗು ತರಬೇಕಾದರೆ ರಷ್ಯಾದ ಒಳನಾಡಿನ ಜಲಮಾರ್ಗವನ್ನೇ, ಎಂದರೆ ಕಾಲುವೆ ಮತ್ತು ವೋಲ್ಗಾ ನದಿಯನ್ನೇ, ಅವಲಂಬಿಸಬೇಕಾಗುವುದರಿಂದ, ಟರ್ಕಿಯ ಸಂಸ್ಥೆಯೊಂದರ ಸಹಯೋಗದಲ್ಲಿ ತುರ್ಕಮೆನ್‌ಬಾಷಿಯಲ್ಲೇ ನಿರ್ಮಾಣಗೊಂಡು 2021ರಲ್ಲಿ ಸೇವೆಗೆ ಸೇರಿದ ‘ದೆನಿಜ್ ಖಾನ್’ ಕಾರ್ವೆಟ್ (ಸಣ್ಣ ಯುದ್ಧನೌಕೆ) ಬಹಳ ಮಹತ್ವದ್ದು. ಅದೇ ವರ್ಷದ ಜನವರಿಯಲ್ಲಿ ತುರ್ಕಮೆನಿಸ್ತಾನ ಮತ್ತು ಅಜರ್‌ಬೈಜಾನ್ ವಿವಾದಿತ ಸೆರ್ದಾರ್ ನಿಕ್ಷೇಪವನ್ನು ‘ದೋಸ್ತ್‌ಲುಕ್’ ಎಂಬ ಹೆಸರಿನಲ್ಲಿ ಜಂಟಿಯಾಗಿ ಅಭಿವೃದ್ಧಿಪಡಿಸಲು ಒಪ್ಪಿದವು.