ಮಾದರಿ ರೈಲು ಲೇಔಟಿನಲ್ಲಿ ಹಳಿ ದುರಸ್ತಿಯ ದೃಶ್ಯ ಸಹಜವಾಗಿ ಕಾಣಬೇಕಾದರೆ ಏನು ಮಾಡಬೇಕು?

ನಿಮ್ಮ ಸಮಸ್ಯೆ ನನಗೆ ಅರ್ಥವಾದದ್ದು ಹೀಗೆ: ಎಚ್‌ಓ ಅಳತೆಯ (ಅಂದರೆ 1:87, ನಿಜದ 87ರಲ್ಲಿ ಒಂದು ಪಾಲು) ಜೋಡಿ ಹಳಿಯ ಲೇಔಟ್, ಒಂದು ಹಳಿಯ ಮೇಲೆ ದುರಸ್ತಿ, ಪಕ್ಕದಲ್ಲಿ ಅರ್ಧ ಎದ್ದ ಕಟ್ಟಡ. ಕೆಲಸಗಾರರ ಗೊಂಬೆಗಳ ಪೊಟ್ಟಣ ತಂದು ಎಲ್ಲವನ್ನೂ ಅಂಟಿಸಿದ್ದೀರಿ. ಆದರೂ ಅಲ್ಲಿ ಕೆಲಸ ನಡೆಯುತ್ತಿದೆ ಎನಿಸುವುದಿಲ್ಲ, ಗೊಂಬೆಗಳನ್ನು ಜೋಡಿಸಿಟ್ಟಂತೆ ಕಾಣುತ್ತದೆ.

ಮೊದಲು ಸುತ್ತಿಗೆ ಎತ್ತಿ ನಿಂತವನನ್ನು ಕಿತ್ತುಬಿಡಿ. ಪಿಕಾಸಿಯನ್ನು ತಲೆಯ ಮೇಲಕ್ಕೆ ಬೀಸಿದವನನ್ನೂ ಅಷ್ಟೇ. ಪೊಟ್ಟಣಗಳಲ್ಲಿ ಇಂಥವರೇ ಹೆಚ್ಚು, ಏಕೆಂದರೆ ಡಬ್ಬಿಯ ಮೇಲಿನ ಚಿತ್ರಕ್ಕೆ ಅವರು ಚೆನ್ನ. ಲೇಔಟಿನಲ್ಲಿ ರೈಲು ಓಡುತ್ತಿರುತ್ತದೆ. ಅದು ಒಂದು ಸುತ್ತು ಹಾಕಿ ಮರಳಿ ಬಂದಾಗಲೂ ಆ ಸುತ್ತಿಗೆ ಕೆಳಗಿಳಿದಿರುವುದಿಲ್ಲ, ನೋಡುವವರ ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ. ಮನುಷ್ಯರು ನಿಜವಾಗಿಯೂ ಬಹಳ ಹೊತ್ತು ಇರುವ ಭಂಗಿಗಳನ್ನು ಆರಿಸಿಕೊಳ್ಳಿ: ಹಾರೆಗೆ ಒರಗಿದವನು, ಮಂಡಿಯೂರಿ ಹಳಿಯ ಮಟ್ಟ ನೋಡುವವನು, ಒಂದೇ ನಕ್ಷೆಯನ್ನು ಬಗ್ಗಿ ನೋಡುವ ಇಬ್ಬರು, ಸೊಂಟದ ಮೇಲೆ ಕೈಯಿಟ್ಟ ಮೇಸ್ತ್ರಿ, ಸ್ಲೀಪರ್ (ಹಳಿಯ ಅಡಿಗೆ ಅಡ್ಡಲಾಗಿ ಹಾಕುವ ದಿಮ್ಮಿ) ರಾಶಿಯ ಮೇಲೆ ಕುಳಿತು ನೀರು ಕುಡಿಯುವವನು.

ಹಳಿಯ ಕೆಲಸದಲ್ಲಿ ನಮ್ಮಂಥವರಿಗೆ ವರವಾಗಿ ಬಂದ ಒಂದು ಪದ್ಧತಿಯಿದೆ. ಪಕ್ಕದ ಹಳಿಯಲ್ಲಿ ರೈಲು ಬರುತ್ತಿದೆ ಎಂದು ಕಾವಲಿನವನು ಕಹಳೆ ಊದಿದ ಕೂಡಲೇ ತಂಡ ಕೆಲಸ ನಿಲ್ಲಿಸುತ್ತದೆ, ಉಪಕರಣಗಳನ್ನು ಹಳಿಯಿಂದ ತೆಗೆಯುತ್ತದೆ, ಸುರಕ್ಷಿತ ಜಾಗಕ್ಕೆ ಸರಿದು ರೈಲು ದಾಟುವ ತನಕ ಕಾಯುತ್ತದೆ. ಅಂದರೆ ರೈಲು ಹಾದುಹೋಗುವ ಹೊತ್ತಿನಲ್ಲಿ ನಿಜವಾದ ಕೆಲಸಗಾರರೂ ನಿಂತೇ ಇರುತ್ತಾರೆ! ಗೊಂಬೆಗಳು ಅಲುಗಾಡದಿರುವುದು ಆಗ ಕೊರತೆ ಎನಿಸುವುದಿಲ್ಲ. ಆದ್ದರಿಂದ ಆ ಹೊತ್ತನ್ನೇ ಮಾಡಿ. ಆರೇಳು ಜನ ಹಳಿಯಿಂದ ಒಂದಿಷ್ಟು ದೂರದಲ್ಲಿ ಒಟ್ಟಾಗಿ, ಆದರೆ ಸಾಲಾಗಿ ಅಲ್ಲ, ನಿಂತಿರಲಿ. ಒಬ್ಬ ಚಾಲಕನತ್ತ ಕೈ ಎತ್ತಿರಲಿ, ಇಬ್ಬರು ರೈಲಿನ ಗೊಡವೆಯೇ ಇಲ್ಲದೆ ಮಾತಾಡುತ್ತಿರಲಿ.

ಕಾವಲಿನವನು ಬೇರೆಯೇ ನಿಲ್ಲಬೇಕು. ಅವನ ಕೈಯಲ್ಲಿ ಬಾವುಟ ಮತ್ತು ಕಹಳೆ ಬಿಟ್ಟರೆ ಯಾವ ಉಪಕರಣವೂ ಇರಕೂಡದು. ಬೆನ್ನು ಕೆಲಸದ ಕಡೆಗೆ, ಮುಖ ರೈಲು ಬರುವ ದಿಕ್ಕಿಗೆ. ನಾನು ನೋಡಿದ ಹೆಚ್ಚಿನ ಲೇಔಟುಗಳಲ್ಲಿ ಇವನು ಇರುವುದೇ ಇಲ್ಲ. ಇದ್ದರೂ ತಿರುಗಿ ಕೆಲಸ ನೋಡುತ್ತಾ ನಿಂತಿರುತ್ತಾನೆ. ಅವನು ಮಾಡಬಾರದ ಕೆಲಸ ಅದೊಂದೇ.

ಇನ್ನು, ಸುಮ್ಮನೆ ‘ದುರಸ್ತಿ’ ಎಂದುಕೊಂಡರೆ ಸಾಲದು. ಯಾವ ಕೆಲಸ, ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಮೊದಲೇ ತೀರ್ಮಾನಿಸಿ. ಮರದ ಸ್ಲೀಪರ್ ಬದಲಿಸುವುದನ್ನೇ ತೆಗೆದುಕೊಳ್ಳಿ. ಜಲ್ಲಿ ಬಿಡಿಸಬೇಕು, ಮೊಳೆ ಕೀಳಬೇಕು, ಹಳೆಯದನ್ನು ಪಕ್ಕಕ್ಕೆ ಎಳೆದು ಹೊಸದನ್ನು ತೂರಿಸಬೇಕು, ಮತ್ತೆ ಜಲ್ಲಿ ತುಂಬಿ ಬಡಿಯಬೇಕು. ನಿಮ್ಮ ದೃಶ್ಯದಲ್ಲಿ ಎಡದಿಂದ ಬಲಕ್ಕೆ ಈ ಕ್ರಮ ಕಾಣಲಿ. ಎಡತುದಿಯಲ್ಲಿ ಕೆಲಸ ಮುಗಿದಿದೆ: ಕಪ್ಪು ಸ್ಲೀಪರುಗಳು, ಅವುಗಳ ನಡುವೆ ತಿಳಿ ಬಣ್ಣದ ಹೊಸ ಜಲ್ಲಿ. ನಡುವೆ ಒಂದು ಗುಂಡಿ, ಅದರಿಂದ ಅರ್ಧ ಹೊರಬಂದ ಬೂದುಬಣ್ಣದ ಹಳೆಯ ಸ್ಲೀಪರ್. ಹಳಿ ಕೂತಿದ್ದ ಕಡೆ ಅದರ ಮೇಲೆ ಅಚ್ಚು ಬಿದ್ದಿರಬೇಕು. ಬಲಕ್ಕೆ ಇನ್ನೂ ಮುಟ್ಟದ ಹಳಿ. ಅಗೆದ ಗುಂಡಿಯಷ್ಟೇ ರಾಶಿಯೂ ಇರಬೇಕು ಎಂಬುದನ್ನು ಮರೆಯಬೇಡಿ. ಗುಂಡಿಯಿದ್ದು ಪಕ್ಕದಲ್ಲಿ ರಾಶಿ ಇಲ್ಲದ ದೃಶ್ಯಗಳು ಬೇಕಾದಷ್ಟಿವೆ, ಆ ಮಣ್ಣೆಲ್ಲ ಎಲ್ಲಿ ಹೋಯಿತೋ!

ಒಂದು ಸಣ್ಣ ಸಂಗತಿಗೆ ನಾನು ಬಹಳ ಬೆಲೆ ಕೊಡುತ್ತೇನೆ. ಹಳಿಯ ತಲೆ ಹೊಳೆಯುವುದು ಚಕ್ರ ಉಜ್ಜಿದ್ದರಿಂದ. ಅಳವಡಿಸಲು ತಂದು ಪಕ್ಕದಲ್ಲಿ ಮಲಗಿಸಿದ ಹೊಸ ಹಳಿಯ ಮೇಲೆ ಇನ್ನೂ ಯಾವ ಚಕ್ರವೂ ಓಡಿಲ್ಲವಲ್ಲ, ಆದ್ದರಿಂದ ಅದು ತಲೆಯಿಂದ ಬುಡದವರೆಗೂ ತುಕ್ಕಿನ ಕಂದು. ಉಳಿದ ಹಳಿಯ ತುಂಡನ್ನು ಬಣ್ಣ ಹಚ್ಚದೆ ಹಾಗೆಯೇ ಇಟ್ಟರೆ, ಪಕ್ಕದಲ್ಲಿ ಎಷ್ಟು ಚೆನ್ನಾದ ಗೊಂಬೆಗಳಿದ್ದರೂ ಪ್ರಯೋಜನವಿಲ್ಲ.

ತೂಕದ ಅಂದಾಜೂ ಇರಲಿ. ಮೀಟರಿಗೆ 60 ಕಿಲೋ ತೂಗುವ ಹಳಿಯಾದರೆ 12 ಮೀಟರಿನ ತುಂಡು 720 ಕಿಲೋ. ಅದನ್ನು ಇಬ್ಬರು ಹೆಗಲ ಮೇಲೆ ಹೊತ್ತು ಹೋಗುವ ಹಾಗಿಲ್ಲ. ದೊಡ್ಡ ಇಕ್ಕಳಗಳನ್ನು ಹಿಡಿದ ಜೋಡಿಗಳ ಸಾಲು ಬೇಕು, ಇಲ್ಲವೇ ಕ್ರೇನ್. ಕಾಂಕ್ರೀಟ್ ಸ್ಲೀಪರ್ ಒಂದೊಂದೂ 200 ಕಿಲೋಗಿಂತ ಹೆಚ್ಚು, ಅದೂ ಇಬ್ಬರ ಕೆಲಸವಲ್ಲ. ಅಳತೆಯ ವಿಷಯಕ್ಕೆ ಬಂದರೆ 1:87ರಲ್ಲಿ ಆ ಹಳಿ ಸುಮಾರು 138 ಮಿ.ಮೀ., 2.6 ಮೀಟರಿನ ಸ್ಲೀಪರ್ 30 ಮಿ.ಮೀ., ಮನುಷ್ಯ 20 ಮಿ.ಮೀ. ಜಲ್ಲಿಕಲ್ಲು 30ರಿಂದ 60 ಮಿ.ಮೀ. ಇರುವುದರಿಂದ ನಿಮಗೆ ಬೇಕಾದ ಕಾಳು ಅರ್ಧ ಮಿ.ಮೀ. ಆಸುಪಾಸಿನದು. ಜರಡಿ ಹಿಡಿಯದೆ ಬೇರೆ ದಾರಿಯಿಲ್ಲ.

ಲೇಔಟಿನ ಕಾಲ ಯಾವುದು ಎಂದು ನೀವು ಬರೆದಿಲ್ಲ. ಹೊಳೆಯುವ ಕಿತ್ತಳೆ ಅಂಗಿಯನ್ನು ಬ್ರಿಟಿಷ್ ರೈಲು ಹಳಿ ಕೆಲಸಗಾರರ ಮೇಲೆ ಪ್ರಯೋಗಿಸಿ ನೋಡಿದ್ದು 1964ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಉಗಿಯಂತ್ರದ ಹೊಗೆಯ ನಡುವೆ ಕಿತ್ತಳೆ ಅಂಗಿ ತೊಟ್ಟವರು ನಿಂತಿದ್ದರೆ ಅವರಿಗೆ ಮಾಸಲು ಕಂದು, ಬೂದು, ನೀಲಿ ಬಣ್ಣ ಹಚ್ಚಿಬಿಡಿ. ಹಚ್ಚುವ ಬಣ್ಣ ಮಾತ್ರ ಹೊಳಪಿಲ್ಲದ್ದಾಗಿರಲಿ.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಡೆಯ ತುದಿ ಮೆಟ್ಟಿಲು ಮೆಟ್ಟಿಲಾಗಿ ನಿಂತಿರಲಿ, ಚಾಕುವಿನಿಂದ ಕತ್ತರಿಸಿದಂತೆ ನೇರವಾಗಿ ಬೇಡ. ಸಾರವೆಯ ಕೊಳವೆ ನಿಜದಲ್ಲಿ ಸುಮಾರು 48 ಮಿ.ಮೀ., ನಿಮ್ಮ ಅಳತೆಯಲ್ಲಿ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು. ಕಿಟ್ಟಿನ ಪ್ಲಾಸ್ಟಿಕ್ ಕಂಬ ಒಂದು ಮಿ.ಮೀ. ದಪ್ಪವಿದ್ದರೂ ತೊಲೆಯಂತೆ ಕಾಣುತ್ತದೆ. ಅರ್ಧ ಮಿ.ಮೀ. ಹಿತ್ತಾಳೆ ತಂತಿಯಲ್ಲಿ ಕಟ್ಟುವುದು ತಾಳ್ಮೆಯ ಕೆಲಸ, ಆದರೆ ದೃಶ್ಯದ ಬೆಲೆ ಇಮ್ಮಡಿಯಾಗುತ್ತದೆ.

ಗೊಂಬೆಗಳ ಪಾದದಡಿಯ ಬಿಲ್ಲೆಯನ್ನು ಕತ್ತರಿಸಿ, ಹಿಮ್ಮಡಿಯಲ್ಲಿ ಸಣ್ಣ ರಂಧ್ರ ಕೊರೆದು, ತಂತಿಯ ಚೂರು ಸಿಕ್ಕಿಸಿ ನೆಲಕ್ಕೆ ಚುಚ್ಚಿ. ಅಂಟು ಆಮೇಲೆ. ಅದಕ್ಕೂ ಮುನ್ನ ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯನ್ನು ಆ ಜಾಗದಲ್ಲಿ ಕೈಯಿಂದ ನಿಧಾನವಾಗಿ ತಳ್ಳಿ ನೋಡಿ. ತಿರುವಿನ ಒಳಬದಿಗೆ ಬೋಗಿಯ ನಡುಭಾಗ ಚಾಚುತ್ತದೆ, ಹೊರಬದಿಗೆ ಅದರ ತುದಿಗಳು. ಅಷ್ಟರೊಳಗೆ ಯಾರೂ ನಿಲ್ಲಬಾರದು.

ವೆಲ್ಡಿಂಗ್ ಕಿಡಿಯಂತೆ ಮಿನುಗುವ ದೀಪದ ಬಗ್ಗೆಯೂ ಕೇಳಿದ್ದೀರಿ. ಹಾಕಿ, ಆದರೆ ಅದಕ್ಕೊಂದು ಸ್ವಿಚ್ ಇರಲಿ. ಬಿಡುವಿಲ್ಲದೆ ಮಿನುಗುವ ದೀಪ ಉಳಿದೆಲ್ಲವನ್ನೂ ನುಂಗಿಹಾಕುತ್ತದೆ. ಆ ಹಣದಲ್ಲಿ ನಾನಾದರೆ ಜಲ್ಲಿ ಸುರಿಯುವ ಎರಡು ವ್ಯಾಗನ್ ಮತ್ತು ಒಂದು ಚಪ್ಪಟೆ ವ್ಯಾಗನ್ ಕೊಂಡು ಕೆಲಸದ ರೈಲೊಂದನ್ನು ಕಟ್ಟುತ್ತಿದ್ದೆ. ದುರಸ್ತಿಯ ಹಳಿಯನ್ನು ಎರಡೂ ಕಡೆ ಕೆಂಪು ಬಾವುಟ ನೆಟ್ಟು ಮುಚ್ಚಿ, ಪಕ್ಕದ ಹಳಿಗೆ ವೇಗ ಮಿತಿಯ ಫಲಕ ಹಾಕಿ. ಎರಡೂ ದಿಕ್ಕಿನ ರೈಲುಗಳು ಒಂದೇ ಹಳಿಯಲ್ಲಿ ಸರದಿ ಕಾದು, ನಿಧಾನಿಸಿ ದಾಟಬೇಕಾಗುತ್ತದೆ. ಜಲ್ಲಿ ತಂದ ರೈಲನ್ನು ಎಂಜಿನ್ ಹಿಂದಕ್ಕೆ ಒಯ್ಯಲು ಎರಡು ರೈಲುಗಳ ನಡುವೆ ಬಿಡುವು ಹುಡುಕಬೇಕಾಗುತ್ತದೆ, ನಿಯಂತ್ರಕ ಹಿಡಿದು ಕೂತವರಿಗೂ ಕೈತುಂಬ ಕೆಲಸ.