ಮೂರು ಆ್ಯಪ್, ಒಂದೇ ಲಾಗ್ ಫೈಲ್

ಪ್ರಶ್ನೆ: ಸರ್, ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಜಾವಾ ಸಾಫ್ಟ್‌ವೇರ್ ನಾವೇ ನೋಡಿಕೊಳ್ಳುತ್ತೇವೆ. ಕಬ್ಬಿನ ತೂಕ, ರೈತರ ಬಿಲ್, ಗಾಡಿ ಬಾಡಿಗೆ ಅಂತ ಮೂರು ವೆಬ್ ಆ್ಯಪ್ ಇವೆ, ಮೂರೂ ಒಂದೇ ಟಾಮ್‌ಕ್ಯಾಟ್ (ಜಾವಾ ವೆಬ್ ಆ್ಯಪ್ ನಡೆಸುವ ಸರ್ವರ್) ಮೇಲೆ. ಆ್ಯಪ್ ಏನೇನು ಮಾಡಿತು ಅಂತ ಸಾಲು ಸಾಲಾಗಿ ಬರೆದಿಡಲು (ಅದೇ ಲಾಗ್) ಲಾಗ್‌ಬ್ಯಾಕ್ ಅನ್ನುವ ಲೈಬ್ರರಿ ಬಳಸುತ್ತೇವೆ, ಆದರೆ ಎಲ್ಲಾ ಲಾಗೂ ಒಂದೇ ಫೈಲಿಗೆ ಬಂದು ಬೀಳುತ್ತದೆ. ಹಂಗಾಮು ಶುರುವಾದರೆ ಯಾವ ಸಾಲು ಯಾವ ರೈತನದು ಅಂತಲೇ ತಿಳಿಯಲ್ಲ. ರೈತನಿಗೊಂದು ಫೈಲ್ ಮಾಡಿಬಿಡೋಣವಾ?
– ಓದುಗರು, ಮುಧೋಳ

ಉತ್ತರ: ಇಲ್ಲಿ ಎರಡು ತಕರಾರು ಸೇರಿಕೊಂಡಿವೆ. ಆ್ಯಪ್‌ಗಳ ಲಾಗ್ ಕಲೆತಿರುವುದು ಒಂದು, ಒಂದೇ ಆ್ಯಪ್‌ನೊಳಗೆ ರೈತರ ಸಾಲುಗಳು ಕಲೆತಿರುವುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ.

ಮೊದಲನೆಯದಕ್ಕೆ ಕೋಡ್ ಮುಟ್ಟಬೇಡಿ. ಲಾಗ್‌ಬ್ಯಾಕ್ ಜಾರ್ (ಲೈಬ್ರರಿಯ ಕೋಡ್ ಇರುವ ಫೈಲ್) ಎಲ್ಲಿದೆ ನೋಡಿ. ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರಿನಲ್ಲಿದೆ ಅಂತ ನನ್ನ ಅಂದಾಜು, ಮೂರು ಕಡೆ ಯಾಕೆ ಇಡಬೇಕು ಅಂತ ಹಿಂದೆ ಯಾರೋ ಅಲ್ಲಿಟ್ಟು ಹೋಗಿರುತ್ತಾರೆ. ಅಲ್ಲಿದ್ದರೆ ಅದು ಒಂದೇ ಸಲ ಲೋಡ್ ಆಗುತ್ತದೆ, ಮೂರೂ ಆ್ಯಪ್‌ಗೆ ಸೇರಿ ಒಂದೇ ಲಾಗರ್ ಕಾಂಟೆಕ್ಸ್ಟ್ (ಲಾಗ್ ಬರೆಯುವ ಲಾಗರ್‌ಗಳೆಲ್ಲ ಸೇರಿರುವ ಗೂಡು), ಒಂದೇ ಸೆಟ್ಟಿಂಗ್. ಲಾಗ್‌ಬ್ಯಾಕ್, ಅದನ್ನು ಕರೆಯಲು ಆ್ಯಪ್ ಬಳಸುವ ಎಸ್‌ಎಲ್‌ಎಫ್‌4ಜೆ ಎರಡೂ ಜಾರ್ ಅಲ್ಲಿಂದ ತೆಗೆದು, ಪ್ರತಿ ಆ್ಯಪ್ ಕಟ್ಟಿಟ್ಟ ವಾರ್ ಫೈಲಿನೊಳಗಿನ ಲಿಬ್‌ಗೆ ಹಾಕಿ, ಜೊತೆಗೆ ಅದರದೇ ಲಾಗ್‌ಬ್ಯಾಕ್ ಎಕ್ಸ್‌ಎಂಎಲ್ ಇಡಿ. ಟಾಮ್‌ಕ್ಯಾಟ್ ಪ್ರತಿ ಆ್ಯಪ್‌ಗೂ ಬೇರೆ ಕ್ಲಾಸ್‌ಲೋಡರ್ (ಕೋಡ್ ಹುಡುಕಿ ಲೋಡ್ ಮಾಡುವ ಭಾಗ) ಕೊಡುತ್ತದೆ, ಅದು ಮೊದಲು ಆ್ಯಪ್‌ನೊಳಗೇ ಹುಡುಕುತ್ತದೆ, ಹಾಗಾಗಿ ಕಾಂಟೆಕ್ಸ್ಟ್ ತಾನಾಗಿಯೇ ಮೂರಾಗುತ್ತದೆ. ಫೈಲ್ ಹೆಸರು ಮಾತ್ರ ಮೂರಕ್ಕೂ ಬೇರೆ ಇರಲಿ.

ಜಾರ್ ಹಂಚಿಕೊಳ್ಳಲೇಬೇಕು ಅಂತಿದ್ದರೆ ಲಾಗ್‌ಬ್ಯಾಕ್‌ನ ಜೆಎನ್‌ಡಿಐ (ಜಾವಾದಲ್ಲಿ ಹೆಸರು ಹೇಳಿ ಬೇಕಾದ್ದನ್ನು ಹುಡುಕುವ ವ್ಯವಸ್ಥೆ) ಕಾಂಟೆಕ್ಸ್ಟ್ ಸೆಲೆಕ್ಟರ್ ಇದೆ. ವೆಬ್ ಎಕ್ಸ್‌ಎಂಎಲ್‌ನಲ್ಲಿ ಪ್ರತಿ ಆ್ಯಪ್‌ಗೊಂದು ಕಾಂಟೆಕ್ಸ್ಟ್ ಹೆಸರು ಬರೆಯಬೇಕು. ನನಗೆ ಅಷ್ಟೇನೂ ಇಷ್ಟವಿಲ್ಲ. ಹಂಚಿಕೊಂಡ ಲೈಬ್ರರಿಯಲ್ಲಿ ಲಾಗರ್ ಸ್ಟ್ಯಾಟಿಕ್ (ಎಲ್ಲರಿಗೂ ಸೇರಿ ಒಂದೇ) ಆಗಿದ್ದರೆ, ಅದನ್ನು ಮೊದಲು ಎಬ್ಬಿಸಿದ ಆ್ಯಪ್‌ನ ಫೈಲಿಗೇ ಕೊನೆವರೆಗೂ ಬರೆಯುತ್ತಾ ಕೂರುತ್ತದೆ. (ಜೆಎನ್‌ಡಿಐ ಅಂದ ಕೂಡಲೇ 2021ರ ಡಿಸೆಂಬರ್ ನೆನಪಾಗಿ ಗಾಬರಿ ಬೇಡ. ಆಗ ಬಯಲಾದ ಭದ್ರತೆಯ ತೂತು ಲಾಗ್4ಜೆ 2 ಅನ್ನುವ ಬೇರೆ ಲಾಗ್ ಲೈಬ್ರರಿಯದು.)

ಇನ್ನು ರೈತರ ವಿಷಯ. ಕಾರ್ಖಾನೆ ಗೇಟಿನಲ್ಲಿ ಟ್ರ್ಯಾಕ್ಟರ್‌ಗೆ ಒಂದು ಚೀಟಿ ಕೊಡುತ್ತಾರಲ್ವಾ, ತೂಕದ ಕಾಟಾ ದಾಟಿ ಖಾಲಿ ಗಾಡಿ ಹೊರಗೆ ಹೋಗುವವರೆಗೂ ಅದು ಜೊತೆಗಿರುತ್ತದೆ. ಲಾಗ್‌ನಲ್ಲಿ ಆ ಕೆಲಸಕ್ಕೆ ಎಂಡಿಸಿ (ಮ್ಯಾಪ್ಡ್ ಡಯಾಗ್ನೋಸ್ಟಿಕ್ ಕಾಂಟೆಕ್ಸ್ಟ್) ಇದೆ. ಪ್ರತಿ ರಿಕ್ವೆಸ್ಟ್ ಹಾದು ಬರುವ ಸರ್ವ್‌ಲೆಟ್ ಫಿಲ್ಟರಿನಲ್ಲಿ ರೈತನ ಕೋಡ್, ಚೀಟಿ ನಂಬರ್ ಎರಡನ್ನೂ ಒಂದೊಂದು ಕೀಲಿಯ ಹೆಸರಿನಲ್ಲಿ ಎಂಡಿಸಿಗೆ ಹಾಕಿ, ಲಾಗ್ ಸಾಲಿನ ಪ್ಯಾಟರ್ನ್‌ನಲ್ಲಿ ಶೇಕಡಾ ಚಿಹ್ನೆ, ದೊಡ್ಡ ಎಕ್ಸ್, ಪುಷ್ಪಾವರಣದೊಳಗೆ ಆ ಕೀಲಿಯ ಹೆಸರು ಬರೆಯಿರಿ. ಉಳಿದ ಕೋಡಿನಲ್ಲಿ ಒಂದು ಸಾಲೂ ಬದಲಿಸಬೇಕಾಗಿಲ್ಲ, ಪ್ರತಿ ಲಾಗ್ ಸಾಲಿಗೂ ಚೀಟಿ ಅಂಟಿಕೊಂಡೇ ಬರುತ್ತದೆ.

ಜಾಸ್ತಿ ಜನ ಎಡವುವುದು ಇದರ ನಂತರ. ಎಂಡಿಸಿ ಅಂಟುವುದು ಥ್ರೆಡ್‌ಗೆ (ರಿಕ್ವೆಸ್ಟಿನ ಕೆಲಸ ನಡೆಸುವ ಎಳೆ), ಟಾಮ್‌ಕ್ಯಾಟ್ ಅದೇ ಥ್ರೆಡ್ಡನ್ನು ಮುಂದಿನವರಿಗೂ ಕೊಡುತ್ತದೆ. ಫೈನಲಿ ಬ್ಲಾಕಿನಲ್ಲಿ (ಎರರ್ ಬಂದರೂ ಕೊನೆಗೆ ಓಡುವ ಕೋಡ್) ಕ್ಲಿಯರ್ ಮಾಡದಿದ್ದರೆ ಹಳೇ ಚೀಟಿಯಲ್ಲೇ ಹೊಸ ಗಾಡಿ ತೂಗಿದ ಹಾಗೆ, ಮಹಾಲಿಂಗಪುರದ ರೈತನ ತಪ್ಪು ಜಮಖಂಡಿಯವರ ಹೆಸರಿನಲ್ಲಿ ಕಾಣುತ್ತದೆ. ಲಾಗ್ ಇಲ್ಲದಿರುವುದೇ ವಾಸಿ, ಸುಳ್ಳು ಹೇಳುವ ಲಾಗ್ ಬೇಡ. ರಾತ್ರಿ ಬಿಲ್ ಲೆಕ್ಕವನ್ನು ಬೇರೆ ಥ್ರೆಡ್ ಪೂಲ್‌ಗೆ ಕೊಟ್ಟಿದ್ದರೆ ಚೀಟಿ ಅಲ್ಲಿಗೆ ತಾನಾಗಿ ಹೋಗಲ್ಲ. ಕೆಲಸ ಒಪ್ಪಿಸುವಾಗ ಎಂಡಿಸಿಯ ನಕಲು ತೆಗೆದು, ಆ ಥ್ರೆಡ್‌ನಲ್ಲಿ ನೀವೇ ಹಾಕಬೇಕು, ಮುಗಿದ ಮೇಲೆ ನೀವೇ ತೆಗೆಯಬೇಕು.

ರೈತನಿಗೊಂದು ಫೈಲ್ ಬೇಡವೇ ಬೇಡ. ಸಾವಿರಾರು ಫೈಲ್ ಆಗುತ್ತವೆ, ಒಂದನ್ನೂ ಯಾರೂ ತೆರೆಯಲ್ಲ. ಸಾಲಿನಲ್ಲಿ ರೈತನ ಕೋಡ್ ಇದ್ದರೆ ಗ್ರೆಪ್ (ಫೈಲಿನಲ್ಲಿ ಪದ ಹುಡುಕುವ ಕಮಾಂಡ್) ಸಾಕು. ವಿಭಾಗಕ್ಕೊಂದು ಫೈಲ್ ಬೇಕಾದರೆ ಸಿಫ್ಟಿಂಗ್ ಅಪೆಂಡರ್ ಬಳಸಿ. ಅದು ಎಂಡಿಸಿ ನೋಡಿಕೊಂಡೇ ಫೈಲ್ ಆರಿಸುತ್ತದೆ, 30 ನಿಮಿಷ ಸುಮ್ನೆ ಬಿದ್ದಿದ್ದ ಫೈಲನ್ನು ಮುಚ್ಚಿಬಿಡುತ್ತದೆ.