ಜಪಾನಿನ ಪುಟಾಣಿ ಸ್ಪೋರ್ಟ್ಸ್ ಕಾರುಗಳನ್ನು ಜನ ಆಮದು ಮಾಡಿಕೊಂಡು ಇಟ್ಟುಕೊಳ್ಳುವುದು ಯಾಕೆ?

ಕಡಿಮೆ ಸ್ಪೀಡಿನಲ್ಲೇ ಜೋರಾಗಿ ಓಡಿಸಿದ ಖುಷಿ ಸಿಗುತ್ತದೆ, ಅದಕ್ಕೇ.

1991ರ ಹೋಂಡಾ ಬೀಟ್, ಸುಜುಕಿ ಕ್ಯಾಪುಚಿನೋ ಜಪಾನಿನ 'ಕೇ' ವರ್ಗದವು, ಅಂದರೆ ತೆರಿಗೆ ಕಡಿಮೆ ಇರುವ ಪುಟ್ಟ ಕಾರುಗಳು. ಆಗಿನ ನಿಯಮದಂತೆ ಉದ್ದ 3.3 ಮೀಟರ್, ಎಂಜಿನ್ 660 ಸಿಸಿ ದಾಟುವಂತಿರಲಿಲ್ಲ. ಕಂಪನಿಗಳೂ ತಮ್ಮೊಳಗೆ ಒಪ್ಪಿಕೊಂಡು 64 ಅಶ್ವಶಕ್ತಿಗೇ ನಿಲ್ಲಿಸಿದ್ದವು.

ಶಕ್ತಿ ಹೆಚ್ಚಿಸುವ ಹಾಗಿಲ್ಲ ಅಂದಮೇಲೆ ಮಜಾ ಬರಬೇಕಿದ್ದು ತೂಕ ಇಳಿಸುವುದರಿಂದಲೇ ಅಲ್ವಾ? ಬೀಟ್ ತೂಕ ಸುಮಾರು 760 ಕೆಜಿ, ಅಷ್ಟೇ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಸಾಕು, ಕಾರು ಆಗಲೇ ತಿರುಗಿರುತ್ತದೆ. ಕೂತರೆ ರಸ್ತೆ ಕೈಗೆಟುಕುವಷ್ಟು ಹತ್ತಿರ, ಎಂಜಿನ್ ಬೆನ್ನ ಹಿಂದೆಯೇ. ಅದರ ಪೂರ್ತಿ ಶಕ್ತಿ ಸಿಗುವುದು 8,100 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಎರಡನೇ ಗೇರಿನಲ್ಲಿ ಅಲ್ಲಿವರೆಗೆ ಎಳೆದಾಗ ಬರುವ ಸದ್ದಿಗೆ ಮೈ ಜುಮ್ಮೆನ್ನುತ್ತದೆ, ಆದರೂ ಸ್ಪೀಡು ಹದದಲ್ಲೇ ಇರುತ್ತದೆ. ದೊಡ್ಡ ಸ್ಪೋರ್ಟ್ಸ್ ಕಾರನ್ನು ಮಾಮೂಲಿ ರಸ್ತೆಯಲ್ಲಿ ಹೀಗೆ ಪೂರ್ತಿ ಬಳಸೋಕೆ ಆಗುವುದೇ ಇಲ್ಲ.

ಅಮೆರಿಕದಲ್ಲಿ 25 ವರ್ಷ ದಾಟಿದ ಕಾರುಗಳಿಗೆ ಅಲ್ಲಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇದೆ, ಹಾಗಾಗಿ ಇವನ್ನು ತರಿಸುವುದು ಸುಲಭವಾಯಿತು. ಕೊಳ್ಳುವ ಮುನ್ನ ತುಕ್ಕು ಮಾತ್ರ ಚೆನ್ನಾಗಿ ನೋಡಿ.